ಸವೆಯದ ಲಾಭ, ಸವೆಯುವ ಲಾಭ

ರಾತ್ರಿ ಹನ್ನೊಂದಾದರೂ ಮಗ ಕಂಪ್ಯೂಟರ್ ಬಿಟ್ಟು ಏಳುವುದಿಲ್ಲ. ‘ಏನ್ ಮಾಡಾಕತ್ತೀಯೋ?’ ಎಂದು ತಂದೆ ಕೇಳಿದರೆ ‘ವ್ಯಾಪಾರ ಮಾಡಾಕತ್ತೀನಪ್ಪ’ ಎಂಬ ಉತ್ತರ ಬರುತ್ತದೆ. ಒಂದು ಗ್ರಹದಲ್ಲಿ ಅಗ್ಗಕ್ಕೆ ಧಾನ್ಯ ತುಂಬಿಕೊಂಡು, ಆಕಾಶನೌಕೆಯಲ್ಲಿ ಇನ್ನೊಂದು ಗ್ರಹಕ್ಕೆ ಹೋಗಿ ಅದನ್ನು ದುಬಾರಿಗೆ ಮಾರುವ ಆಟ ಅದು. ಹುಡುಗನ ಮಟ್ಟಿಗೆ ಅದು ವ್ಯಾಪಾರವೇ. ತಂದೆಯ ಮಟ್ಟಿಗೆ ಅದು ಪರೀಕ್ಷೆಯ ವರ್ಷದಲ್ಲಿ ಹಾಳಾಗುತ್ತಿರುವ ಹೊತ್ತು.

ಇಬ್ಬರ ಜಗಳವನ್ನು ಸ್ವಲ್ಪ ಬದಿಗಿಟ್ಟು ಒಂದು ಪ್ರಶ್ನೆ ಕೇಳೋಣ. ಆ ಆಟದೊಳಗೆ ನಡೆಯುವುದು ನಿಜವಾದ ಪೈಪೋಟಿಯೇ? ದ್ವಿತೀಯ ಪಿಯುಸಿ ಅರ್ಥಶಾಸ್ತ್ರ ಓದುವವರಿಗೆ ಪೈಪೋಟಿ ಒಂದು ಪಾಠ. ಮಾನ್ವಿಯಲ್ಲಿ ಭತ್ತ, ದೇವದುರ್ಗದಲ್ಲಿ ಹತ್ತಿ ಬೆಳೆಯುವ ಮನೆಗಳಿಗೆ ಅದೇ ಪೈಪೋಟಿ ವರ್ಷದ ಅನ್ನ. ಒಂದೇ ಸೂರಿನಡಿ ಪಾಠವೂ ಅನ್ನವೂ ಇರುವ ಜಿಲ್ಲೆ ನಮ್ಮದು. ಆದ್ದರಿಂದ ಈ ಪ್ರಶ್ನೆಗೆ ಉತ್ತರ ಹುಡುಕಲು ರಾಯಚೂರಿನಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ.

ಬೆಲೆ ಹಲಗೆಯ ಆಟ

ಈ ಬಗೆಯ ಆಟಗಳಲ್ಲಿ ಮೊದಲು ಜಗತ್ತಿನ ಗಮನ ಸೆಳೆದದ್ದು ‘ಎಲೀಟ್’. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಡೇವಿಡ್ ಬ್ರೇಬೆನ್ ಮತ್ತು ಇಯನ್ ಬೆಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಬಿಬಿಸಿ ಮೈಕ್ರೊ ಕಂಪ್ಯೂಟರಿಗಾಗಿ ಅದನ್ನು ಬರೆದರು. 1984ರಲ್ಲಿ ಅದು ಮಾರುಕಟ್ಟೆಗೆ ಬಂತು. ಆ ಯಂತ್ರದ ನೆನಪಿನ ಶಕ್ತಿ ಕೇವಲ 32 ಕಿಲೊಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಕೂಡ ಅದರಲ್ಲಿ ಹಿಡಿಯುವುದಿಲ್ಲ. ಅಷ್ಟರಲ್ಲೇ 8 ನಕ್ಷತ್ರಪುಂಜಗಳು, ಒಂದೊಂದರಲ್ಲಿ 256 ಗ್ರಹಗಳು, 17 ಬಗೆಯ ಸರಕುಗಳು! ಆಟಗಾರನ ಕೈಗೆ ಮೊದಲಿಗೆ 100 ಕ್ರೆಡಿಟ್ ಹಣ ಮತ್ತು 20 ಟನ್ ಸರಕು ಹಿಡಿಯುವ ಒಂದು ನೌಕೆ. ಅಲ್ಲಿಂದ ಮುಂದೆ ಅವನ ಬುದ್ಧಿ, ಅವನ ಧೈರ್ಯ.

ಬೆಲೆ ಹೇಗೆ ನಿಗದಿಯಾಗುತ್ತಿತ್ತು? ಪ್ರತಿ ಗ್ರಹಕ್ಕೂ ಒಂದು ಜಾತಕವಿತ್ತು: ಕೃಷಿ ಗ್ರಹವೋ ಕೈಗಾರಿಕೆ ಗ್ರಹವೋ, ಬಡ ಗ್ರಹವೋ ಸಿರಿವಂತ ಗ್ರಹವೋ ಎಂದು. ಕೃಷಿ ಗ್ರಹದಲ್ಲಿ ಆಹಾರ ಅಗ್ಗ, ಕಂಪ್ಯೂಟರ್ ದುಬಾರಿ. ಕೈಗಾರಿಕೆ ಗ್ರಹದಲ್ಲಿ ಇದಕ್ಕೆ ತಿರುಗುಮುರುಗು. ಈ ಜಾತಕಕ್ಕೆ ಒಂದಿಷ್ಟು ಅದೃಷ್ಟದ ಏರಿಳಿತ ಸೇರಿಸಿ ಯಂತ್ರ ಬೆಲೆಯನ್ನು ಲೆಕ್ಕ ಹಾಕಿ ಹಲಗೆಯ ಮೇಲೆ ತೋರಿಸುತ್ತಿತ್ತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ನೀವು 20 ಟನ್ ತಂದು ಸುರಿದರೂ ಆ ಗ್ರಹದಲ್ಲಿ ಆ ಸರಕಿನ ಬೆಲೆ ಇಳಿಯುತ್ತಿರಲಿಲ್ಲ. ಆಕಾಶದಲ್ಲಿ ಬೇರೆ ವ್ಯಾಪಾರಿಗಳ ನೌಕೆಗಳು ಓಡಾಡುತ್ತಿದ್ದವು, ನಿಜ. ಅವು ಕಣ್ಣಿಗೆ ಕಾಣುವ ಚಿತ್ರಗಳು ಮಾತ್ರ. ಅವು ಏನನ್ನು ಕೊಂಡವು, ಎಲ್ಲಿ ಮಾರಿದವು ಎಂಬುದರಿಂದ ನಿಮ್ಮ ಬೆಲೆಗೆ ಏನೂ ಆಗುತ್ತಿರಲಿಲ್ಲ. ಒಮ್ಮೆ ಒಳ್ಳೆಯ ದಾರಿ ಸಿಕ್ಕರೆ ಸಾಕು. ಹೋಗುವಾಗ ಕಂಪ್ಯೂಟರ್, ಬರುವಾಗ ಆಹಾರ, ಸಾವಿರ ಸಲ ಓಡಾಡಿದರೂ ಲಾಭ ಇದ್ದಷ್ಟೇ ಇರುತ್ತಿತ್ತು. ಮಾನ್ವಿಯಿಂದ ರಾಯಚೂರಿಗೆ ಬಸ್ಸಿನ ವೇಳಾಪಟ್ಟಿ ತಿಳಿದವನಿಗೆ ಬಸ್ಸು ಸಿಗುವ ಹಾಗೆ, ಗ್ರಹಗಳ ಬೆಲೆಪಟ್ಟಿ ತಿಳಿದವನಿಗೆ ಹಣ ಸಿಗುತ್ತಿತ್ತು. ಕಡಲುಗಳ್ಳರಂಥ ಆಕಾಶಗಳ್ಳರು ಅಡ್ಡ ಬಂದರೆ ಗುಂಡಿನ ಜಗಳ ಇರುತ್ತಿತ್ತು. ಬೆಲೆಯ ಜಗಳ ಮಾತ್ರ ಇರಲಿಲ್ಲ.

ಪಠ್ಯಪುಸ್ತಕ ಓದಿದ ಜಾಣ ವಿದ್ಯಾರ್ಥಿ ಇಲ್ಲೊಂದು ಆಕ್ಷೇಪ ಎತ್ತಬಹುದು. ‘ಸಾರ್, ಪರಿಪೂರ್ಣ ಪೈಪೋಟಿಯಲ್ಲೂ ಹಾಗೇ ಅಲ್ವಾ? ಒಬ್ಬ ಮಾರಾಟಗಾರನಿಂದ ಬೆಲೆ ಬದಲಾಗೋದಿಲ್ಲ, ಇರೋ ಬೆಲೆನ ಅವನು ಒಪ್ಪಿಕೊಳ್ತಾನೆ ಅಂತ ಪುಸ್ತಕದಲ್ಲಿದೆ.’ ಒಳ್ಳೆಯ ಪ್ರಶ್ನೆ. ಆದರೆ ಅದೇ ಪಾಠದ ಮುಂದಿನ ಪುಟವನ್ನೂ ಓದಬೇಕು. ಒಂದು ಕಸುಬಿನಲ್ಲಿ ಹೆಚ್ಚು ಲಾಭ ಇದೆ ಎಂದು ತಿಳಿದರೆ ಹೊಸಬರು ಒಳಗೆ ಬರುತ್ತಾರೆ, ಅವರು ಬಂದಂತೆ ಬೆಲೆ ಇಳಿಯುತ್ತದೆ, ಕೊನೆಗೆ ಆ ಹೆಚ್ಚುವರಿ ಲಾಭ ಕರಗಿ ಹೋಗುತ್ತದೆ ಎಂದು ಅಲ್ಲಿ ಬರೆದಿರುತ್ತದೆ. ‘ಎಲೀಟ್’ನಲ್ಲಿ ಮೊದಲ ಪುಟ ಇತ್ತು, ಎರಡನೆಯದು ಇರಲಿಲ್ಲ.

ಪೈಪೋಟಿಯನ್ನು ಗುರುತಿಸುವ ಪರೀಕ್ಷೆ ಇದೇ. ನಾಲ್ಕು ಜನಕ್ಕೆ ಗೊತ್ತಾದ ಮೇಲೂ ಲಾಭ ಮೊದಲಿನಷ್ಟೇ ಉಳಿಯುತ್ತದೆಯೋ, ಸವೆಯುತ್ತದೆಯೋ ಎಂದು ನೋಡಬೇಕು. ಬಸ್ ನಿಲ್ದಾಣದ ಮುಂದೆ ಒಬ್ಬನೇ ಒಗ್ಗರಣೆ ಮಿರ್ಚಿ ಮಾರುತ್ತಿದ್ದರೆ ಅವನ ಪ್ಲೇಟಿಗೆ ಅವನು ಹೇಳಿದ್ದೇ ದರ. ಪಕ್ಕದಲ್ಲಿ ಇನ್ನೂ ಮೂರು ಬಂಡಿಗಳು ಬಂದು ನಿಂತರೆ? ಒಬ್ಬ ದರ ಇಳಿಸುತ್ತಾನೆ, ಇನ್ನೊಬ್ಬ ಮಿರ್ಚಿ ಒಂದು ಹೆಚ್ಚು ಹಾಕುತ್ತಾನೆ. ಮೊದಲಿನವನ ಲಾಭ ಸವೆಯುತ್ತದೆ, ತಿನ್ನುವವರಿಗೆ ಹಬ್ಬ.

ಬೂತಾಯಿ ಮೀನು ಕಲಿಸಿದ ಪಾಠ

ಲಾಭ ಸವೆಯುವುದನ್ನು ಅಳೆದು ತೋರಿಸಿದ ಉದಾಹರಣೆಯೊಂದು ನಮ್ಮ ಕರಾವಳಿಯ ಪಕ್ಕದಲ್ಲೇ ಇದೆ. ಕನ್ನಡಿಗರು ಹೆಚ್ಚಾಗಿರುವ ಕಾಸರಗೋಡು, ಅದರ ದಕ್ಷಿಣದ ಕಣ್ಣೂರು ಮತ್ತು ಕೋಯಿಕ್ಕೋಡ್ ಜಿಲ್ಲೆಗಳ ಕಡಲ ತೀರದ ಮೀನು ಮಾರುಕಟ್ಟೆಗಳನ್ನು ರಾಬರ್ಟ್ ಜೆನ್ಸನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ವರ್ಷಗಟ್ಟಲೆ ಗಮನಿಸಿದರು. ಮೀನು ಹಿಡಿದ ದೋಣಿ ಯಾವ ದಡಕ್ಕೆ ಹೋದರೆ ಒಳ್ಳೆಯ ಬೆಲೆ ಸಿಗುತ್ತದೆ ಎಂಬುದು ಕಡಲಲ್ಲಿದ್ದವರಿಗೆ ತಿಳಿಯುತ್ತಿರಲಿಲ್ಲ. 1997ರ ಜನವರಿ 14ರಂದು ವಡಗರದ ದಡದಲ್ಲಿ 11 ಮಂದಿ ಮೀನುಗಾರರು ಕೊಳ್ಳುವವರಿಲ್ಲದೆ ತಮ್ಮ ಬೂತಾಯಿ ಮೀನನ್ನು ಸುರಿಯಬೇಕಾಯಿತು. ಅದೇ ಹೊತ್ತಿಗೆ ಅಲ್ಲಿಂದ 15 ಕಿಲೊಮೀಟರ್ ಒಳಗಿನ ಬೇರೆ ಎರಡು ದಡಗಳಲ್ಲಿ 27 ಮಂದಿ ಕೊಳ್ಳುವವರು ಮೀನಿಲ್ಲದೆ ವಾಪಸ್ಸು ಹೊರಟಿದ್ದರು!

ಮುಂದೆ 1997ರಿಂದ 2000ದ ನಡುವೆ ಒಂದೊಂದೇ ಜಿಲ್ಲೆಗೆ ಮೊಬೈಲ್ ಫೋನ್ ಬಂತು. ಕಾಸರಗೋಡಿಗೆ ಬಂದದ್ದು ಕೊನೆಗೆ. ಬಂದಲ್ಲೆಲ್ಲ ಒಂದೇ ಕತೆ. ದೋಣಿಯಿಂದಲೇ ಮೀನುಗಾರರು ದಡದ ದರ ಕೇಳತೊಡಗಿದರು. ದರ ಹೆಚ್ಚಿರುವ ದಡಕ್ಕೆ ದೋಣಿಗಳು ತಿರುಗಿದವು, ತಿರುಗಿದ್ದರಿಂದಲೇ ಅಲ್ಲಿಯ ದರ ಇಳಿಯಿತು. ಸುಮಾರು ಒಂದೇ ದರ ತೀರದುದ್ದಕ್ಕೂ ನಿಂತಿತು. ಮೊದಲು ಹಿಡಿದ ಮೀನಿನಲ್ಲಿ ಶೇ 5ರಿಂದ 8ರಷ್ಟು ಹಾಳಾಗುತ್ತಿದ್ದುದು ನಿಂತೇ ಹೋಯಿತು. ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಏರಿತು, ಕೊಳ್ಳುವವರ ಬೆಲೆ ಶೇ 4ರಷ್ಟು ಇಳಿಯಿತು. 2007ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಇಂದಿಗೂ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುತ್ತಾರೆ.

ಇಂಥದ್ದು ರಾಯಚೂರಿಗೆ ಹೊಸದಲ್ಲ. 1871ರಲ್ಲಿ ಮುಂಬಯಿ ಕಡೆಯ ರೈಲು ಹಳಿ ಮತ್ತು ಮದ್ರಾಸ್ ಕಡೆಯ ರೈಲು ಹಳಿ ಬಂದು ಕೂಡಿದ್ದು ಇದೇ ರಾಯಚೂರಿನಲ್ಲಿ. ಅದುವರೆಗೆ ಎತ್ತಿನ ಗಾಡಿ ಹೋಗುವಷ್ಟು ದೂರದ ವ್ಯಾಪಾರಿಗಳು ಮಾತ್ರ ಒಬ್ಬರಿಗೊಬ್ಬರು ಎದುರಾಳಿಗಳು. ಹಳಿ ಕೂಡಿದ ಮೇಲೆ ಎರಡು ಬಂದರುಗಳ ವ್ಯಾಪಾರಿಗಳೂ ಎದುರಾಳಿಗಳಾದರು. ಬ್ರಿಟಿಷರ ಕಾಲದ ಭಾರತದಲ್ಲಿ ರೈಲು ಹೋದ ಕಡೆ ಊರು ಊರುಗಳ ನಡುವಿನ ಬೆಲೆ ಅಂತರ ಕುಗ್ಗಿತೆಂದು ಡೇವ್ ಡೊನಾಲ್ಡ್‌ಸನ್ ಎಂಬ ಅರ್ಥಶಾಸ್ತ್ರಜ್ಞರು ಹಳೆಯ ದಾಖಲೆಗಳಿಂದ ತೋರಿಸಿದ್ದಾರೆ. ಆಕಾಶದ ಆಟದಲ್ಲಿ ನೌಕೆ ಎಷ್ಟು ವೇಗವಾದರೂ ಗ್ರಹಗಳ ಬೆಲೆ ಅಂತರ ಹಾಗೇ ಇರುತ್ತದೆ. ಭೂಮಿಯ ಮೇಲೆ ರೈಲೂ ಫೋನೂ ಬಂದರೆ ಅಂತರ ಕರಗುತ್ತದೆ.

ಎದುರಾಳಿ ಮನುಷ್ಯನಾದಾಗ

ಆಟಗಳೂ ಬೆಳೆದಿವೆ. ‘ಎಕ್ಸ್’ ಎಂಬ ಹೆಸರಿನ ಸರಣಿಯ ಮೊದಲ ಆಟವನ್ನು 1999ರಲ್ಲಿ ಜರ್ಮನಿಯ ಎಗೊಸಾಫ್ಟ್ ಕಂಪನಿ ತಂದಿತು. ಅದರಲ್ಲಿ ಕಾರ್ಖಾನೆಗಳಿವೆ. ಕಚ್ಚಾ ಸರಕು ಬಾರದಿದ್ದರೆ ಕಾರ್ಖಾನೆ ನಿಲ್ಲುತ್ತದೆ, ದಾಸ್ತಾನು ತುಂಬಿದರೆ ಬೆಲೆ ಇಳಿಯುತ್ತದೆ. 2018ರಲ್ಲಿ ಬಂದ ಅದೇ ಸರಣಿಯ ಇನ್ನೊಂದು ಆಟದಲ್ಲಿ ಕಂಪ್ಯೂಟರ್ ನಡೆಸುವ ಸರಕು ನೌಕೆಗಳೂ ನಿಜವಾಗಿಯೇ ಕೊಂಡು ಮಾರುತ್ತವೆ. ಇಲ್ಲಿ ಲಾಭ ಸವೆಯುತ್ತದೆ, ಒಪ್ಪಬೇಕು. ಆದರೆ ಆ ನೌಕೆಗಳಿಗೆ ನಿಮ್ಮನ್ನು ಗೆಲ್ಲಬೇಕೆಂಬ ಹಟವಿಲ್ಲ. ನಿಮ್ಮ ಚಾಳಿ ನೋಡಿ ಅವು ನಾಳೆ ಹೊಸ ಉಪಾಯ ಹೂಡುವುದಿಲ್ಲ. ಬರಗಾಲವನ್ನು ಅನುಕರಿಸಬಹುದು, ಪಕ್ಕದ ಅಂಗಡಿಯವನನ್ನು ಅನುಕರಿಸುವುದು ಕಷ್ಟ.

ಆ ಕೊರತೆ ತುಂಬಿದ್ದು 2003ರಲ್ಲಿ ಐಸ್‌ಲೆಂಡಿನ ಸಿಸಿಪಿ ಕಂಪನಿ ತಂದ ‘ಈವ್ ಆನ್‌ಲೈನ್’. ಅದರಲ್ಲಿ ಸಾವಿರಾರು ಜನ ಒಂದೇ ಆಕಾಶದಲ್ಲಿ ಒಟ್ಟಿಗೆ ಆಡುತ್ತಾರೆ. ಅದಿರು ತೋಡುವವರು, ನೌಕೆ ಕಟ್ಟುವವರು, ಮಾರುವವರು, ಸುಲಿಯುವವರು ಎಲ್ಲರೂ ಮನುಷ್ಯರೇ. ‘ಜೀತಾ’ ಎಂಬ ಅಲ್ಲಿನ ದೊಡ್ಡ ಪೇಟೆಯಲ್ಲಿ ನೀವು ಒಂದು ದರ ಹಾಕಿದರೆ ಮರುಕ್ಷಣ ಇನ್ನೊಬ್ಬ ಅದಕ್ಕಿಂತ ಕಾಸಿನಷ್ಟು ಕಡಿಮೆ ಹಾಕಿ ಗಿರಾಕಿಯನ್ನು ಎಳೆದುಕೊಳ್ಳುತ್ತಾನೆ. ಈ ಆಟದ ಪೇಟೆ ಎಷ್ಟು ಗಂಭೀರವಾಯಿತೆಂದರೆ 2007ರಲ್ಲಿ ಕಂಪನಿ ಎಯೊಲ್ಫುರ್ ಗುಡ್‌ಮುಂಡ್‌ಸನ್ ಎಂಬ ಅರ್ಥಶಾಸ್ತ್ರಜ್ಞರನ್ನೇ ನೇಮಿಸಿಕೊಂಡು ಬೆಲೆ ಏರಿಳಿತದ ವರದಿಗಳನ್ನು ಹೊರಡಿಸಿತು.

ಮನುಷ್ಯರು ಬಂದ ಮೇಲೆ ಮನುಷ್ಯರ ಬುದ್ಧಿಯೂ ಬರಬೇಕಲ್ಲ! 2012ರಲ್ಲಿ ಆ ಆಟದೊಳಗೆ ಟೆಕ್ನೀಶಿಯಂ ಎಂಬ ಸರಕಿನ ಗಣಿಗಳನ್ನು ಹಿಡಿದಿದ್ದ ದೊಡ್ಡ ತಂಡಗಳು ‘ನಾವು ನಾವೇ ಬಡಿದಾಡಿಕೊಂಡು ದರ ಯಾಕೆ ಇಳಿಸಬೇಕು?’ ಎಂದು ಒಂದಾದವು. ಪೆಟ್ರೋಲ್ ದೇಶಗಳ ‘ಒಪೆಕ್’ ಕೂಟವನ್ನು ನೋಡಿ ತಮ್ಮ ಕೂಟಕ್ಕೆ ‘ಒಟೆಕ್’ ಎಂದು ಹೆಸರಿಟ್ಟವು. ದರವನ್ನು ಮೇಲೆಯೇ ಹಿಡಿದು ನಿಲ್ಲಿಸಿದವು. ಮುಂದೆ ಆಟದ ತಯಾರಕರು ನಿಯಮ ಬದಲಿಸಿ, ಬೇರೆ ಸರಕಿನಿಂದಲೂ ಅದಕ್ಕೆ ಬದಲಿ ತಯಾರಿಸಬಹುದೆಂದು ಮಾಡಿದ ಮೇಲೆ ಆ ಹಿಡಿತ ಸಡಿಲವಾಯಿತು.

ಹಾಗಾದರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಎದುರಾಳಿ ಮನುಷ್ಯನಾಗಿದ್ದರೆ, ಅವನ ಕೈ ನಿಮ್ಮ ಬೆಲೆಗೆ ತಾಗುತ್ತಿದ್ದರೆ, ಆಟದ ಪೇಟೆಯಲ್ಲೂ ಪೈಪೋಟಿ ನಿಜವಾಗಬಲ್ಲದು. ಪೈಪೋಟಿಯನ್ನು ಮುರಿಯುವ ಕೂಟವೂ ಅಷ್ಟೇ ನಿಜವಾಗಬಲ್ಲದು. ಉಳಿದರ್ಧ ಉತ್ತರ ಆಟದಲ್ಲಿ ಸಿಗುವುದಿಲ್ಲ. ಅದಕ್ಕೆ ಗಂಜ್‌ಗೆ ಹೋಗಬೇಕು.

ಗಂಜ್‌ನ ಲೆಕ್ಕ

ರಾಯಚೂರಿನ ರಾಜೇಂದ್ರ ಗಂಜ್ ಎಂದರೆ ನಮ್ಮ ಕಡೆಯ ರೈತರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹತ್ತಿಯ ಕಾಲದಲ್ಲಿ ಬೆಳಗಿನ ಜಾವದಿಂದಲೇ ಟ್ರ್ಯಾಕ್ಟರು, ಟೆಂಪೊಗಳ ಸಾಲು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕಂಡ ದೇವದುರ್ಗದ ಹೊಲಗಳ ಹತ್ತಿ, ಮಳೆಯನ್ನೇ ನಂಬಿದ ಎರೆ ಹೊಲಗಳ ಹತ್ತಿ, ಎಲ್ಲವೂ ದಲಾಲಿ ಅಂಗಡಿಗಳ ಮುಂದೆ ಬಂದು ಬೀಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ ಭಾಗದಿಂದ ಭತ್ತ ಬರುತ್ತದೆ. ಖರೀದಿದಾರರು ಒಂದೊಂದು ಲಾಟಿನ ಮುಂದೆ ನಿಂತು ಹತ್ತಿಯ ಎಳೆ ಹಿಡಿದು ಎಳೆದು ನೋಡುತ್ತಾರೆ, ಹಸಿ ಇದೆಯೋ ಒಣಗಿದೆಯೋ ಎಂದು ಅಂಗೈಯಲ್ಲಿ ಒತ್ತಿ ನೋಡುತ್ತಾರೆ. ಆಮೇಲೆ ಟೆಂಡರ್ ಬರೆಯುತ್ತಾರೆ.

ಟೆಂಡರಿನ ಸೊಗಸು ಇರುವುದು ಅದರ ಗುಟ್ಟಿನಲ್ಲಿ. ಪಕ್ಕದವನು ಎಷ್ಟು ಬರೆದನೆಂದು ಯಾರಿಗೂ ಕಾಣಬಾರದು. ಕಡಿಮೆ ಬರೆದರೆ ಲಾಟು ಕೈತಪ್ಪುವ ಭಯ, ಹೆಚ್ಚು ಬರೆದರೆ ಗಂಟಿಗೆ ನಷ್ಟದ ಭಯ. ಈ ಎರಡು ಭಯಗಳ ನಡುವೆ ಹುಟ್ಟುವ ಬೆಲೆಯೇ ಆ ದಿನದ ಬೆಲೆ. ಹೆಚ್ಚು ಬರೆದವನಿಗೆ ಸರಕು. ಆದರೆ ಆ ಬೆಲೆ ತನಗೆ ಒಪ್ಪಿಗೆಯಾಗದಿದ್ದರೆ ‘ಕೊಡೋದಿಲ್ಲ’ ಎನ್ನುವ ಹಕ್ಕು ರೈತನಿಗಿದೆ.

2014ರಲ್ಲಿ ಕರ್ನಾಟಕ ಸರ್ಕಾರ ಈ ಟೆಂಡರನ್ನು ಕಾಗದದ ಚೀಟಿಯಿಂದ ಕಂಪ್ಯೂಟರಿಗೆ ತಂದಿತು. ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಜಂಟಿ ಕಂಪನಿಯ ಮೂಲಕ ರಾಜ್ಯದ ಎಪಿಎಂಸಿಗಳನ್ನು ಒಂದೇ ಜಾಲಕ್ಕೆ ಕಟ್ಟುವ ಕೆಲಸ ಆರಂಭವಾಯಿತು. ದೇಶದ ಮಟ್ಟದ ‘ಇ-ನಾಮ್’ ಶುರುವಾದದ್ದು ಇದಾದ ಮೇಲೆ, 2016ರಲ್ಲಿ. ಮೀನುಗಾರರಿಗೆ ಫೋನ್ ಮಾಡಿದ ಉಪಕಾರವನ್ನು ರೈತರಿಗೆ ಕಂಪ್ಯೂಟರ್ ಮಾಡಲಿ ಎಂಬುದು ಇದರ ಹಿಂದಿನ ಆಸೆ. ದೂರದ ಊರಿನ ಖರೀದಿದಾರನೂ ರಾಯಚೂರಿನ ಲಾಟಿಗೆ ದರ ಬರೆಯಲಿ, ಎದುರಾಳಿಗಳ ಸಂಖ್ಯೆ ಹೆಚ್ಚಲಿ ಎಂದು.

ಆಸೆ ಈಡೇರಿತೇ? ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರನ್ನೊಳಗೊಂಡ ತಂಡವೊಂದು ಕರ್ನಾಟಕದ ಈ ಜಾಲವನ್ನೇ ಅಧ್ಯಯನ ಮಾಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿತು. ಕೆಲವು ಬೆಳೆಗಳ ಬೆಲೆ ಏರಿತ್ತು, ಕೆಲವದರ ಬೆಲೆಯಲ್ಲಿ ಹೇಳಿಕೊಳ್ಳುವ ಬದಲಾವಣೆ ಇರಲಿಲ್ಲ. ಮಾರುಕಟ್ಟೆ ಎಷ್ಟು ಜನ ಖರೀದಿದಾರರ ಕೈಯಲ್ಲಿದೆ, ಸಾಗಾಟದ ತೊಡಕು ಎಷ್ಟಿದೆ ಎಂಬ ಸಂಗತಿಗಳು ಈ ವ್ಯತ್ಯಾಸಕ್ಕೆ ಕಾರಣ ಎಂದು ಅವರು ಗುರುತಿಸಿದರು. ಹತ್ತಿಯ ಉದಾಹರಣೆಯಿಂದ ಇದನ್ನು ಸುಲಭವಾಗಿ ತಿಳಿಯಬಹುದು. ಹತ್ತಿಯನ್ನು ಮುಟ್ಟಿ ನೋಡದೆ, ಎಳೆ ಎಳೆಯದೆ ಯಾರು ಕೊಂಡಾರು? ಆಕಾಶದ ಆಟದಲ್ಲಿ ಒಂದು ಟನ್ ಧಾನ್ಯ ಎಂದರೆ ಎಲ್ಲ ಗ್ರಹದಲ್ಲೂ ಒಂದೇ ಧಾನ್ಯ. ಗಂಜ್‌ನಲ್ಲಿ ಎರಡು ಲಾಟು ಹತ್ತಿ ಒಂದೇ ಥರ ಇರುವುದಿಲ್ಲ. ಭಾರತೀಯ ಹತ್ತಿ ನಿಗಮ ಬೆಂಬಲ ಬೆಲೆಗೆ ಕೊಳ್ಳುವಾಗಲೂ ತೇವಾಂಶ ಶೇ 8 ಇದ್ದರೆ ಪೂರ್ತಿ ದರ, ಅದಕ್ಕಿಂತ ಹೆಚ್ಚಾದರೆ ಕಡಿತ, ಶೇ 12 ದಾಟಿದರೆ ಗಾಡಿ ವಾಪಸ್ಸು.

ಬೆಂಬಲ ಬೆಲೆ ಎಂಬುದನ್ನೂ ವಿದ್ಯಾರ್ಥಿಗಳು ಪೈಪೋಟಿಯ ಕಣ್ಣಿನಿಂದ ನೋಡಬಹುದು. 2025-26ರ ಸಾಲಿಗೆ ಉದ್ದ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 8,110 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ ಎಂದು ಕೇಂದ್ರ ಸರ್ಕಾರ ಗೊತ್ತುಮಾಡಿತು. ಖರೀದಿ ಕೇಂದ್ರ ನಿಜವಾಗಿ ತೆರೆದಿದ್ದರೆ, ಸಕಾಲಕ್ಕೆ ತೂಗಿದರೆ, ಸರ್ಕಾರವೂ ಟೆಂಡರ್ ಬರೆಯುವ ಮತ್ತೊಬ್ಬ ಖರೀದಿದಾರನಾಗುತ್ತದೆ. ಕೇಂದ್ರ ತೆರೆಯುವುದು ತಡವಾದರೆ ಆ ದರ ಕಾಗದದ ಮೇಲಿನ ಅಂಕಿ ಮಾತ್ರ.

ಕಣ್ಣಿಗೆ ಕಾಣದ ಎದುರಾಳಿಗಳೂ ಇದ್ದಾರೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೊರದೇಶದ ಹತ್ತಿಯ ಮೇಲಿದ್ದ ಶೇ 11ರ ಆಮದು ಸುಂಕವನ್ನು ತೆಗೆಯಿತು, ಆ ವಿನಾಯಿತಿಯನ್ನು ವರ್ಷದ ಕೊನೆಯವರೆಗೆ ವಿಸ್ತರಿಸಿತು. ಗಬ್ಬೂರಿನ ರೈತನ ಹತ್ತಿ ಅಂದಿನಿಂದ ಬ್ರೆಜಿಲ್ಲಿನ ರೈತನ ಹತ್ತಿಯೊಡನೆ ಇನ್ನಷ್ಟು ನೇರವಾಗಿ ಸೆಣಸಬೇಕಾಯಿತು. ಬಟ್ಟೆ ಗಿರಣಿಗೆ ಇದರಿಂದ ಅನುಕೂಲ, ಬೆಳೆಗಾರನಿಗೆ ಆತಂಕ.

‘ಬೇಡ’ ಎನ್ನುವ ಬಲ

ಈಗ ಉಳಿದರ್ಧ ಉತ್ತರಕ್ಕೆ ಬಂದೆವು. ರೈತನಿಗೆ ‘ಕೊಡೋದಿಲ್ಲ’ ಎನ್ನುವ ಹಕ್ಕಿದೆ ಎಂದೆನಲ್ಲ, ಆ ಹಕ್ಕನ್ನು ಎಷ್ಟು ಜನ ಬಳಸಬಲ್ಲರು?

ಬಿತ್ತನೆಗೆ ಮೊದಲು ಬೀಜಕ್ಕೆ, ಗೊಬ್ಬರಕ್ಕೆ, ಔಷಧಿಗೆ, ಮಗಳ ಮದುವೆಗೆ ಯಾರ ಕೈಯಿಂದ ಹಣ ತಂದಿರುತ್ತಾರೋ ಸುಗ್ಗಿಯಲ್ಲಿ ಮಾಲು ಅವರ ಅಂಗಡಿಗೇ ಹೋಗುತ್ತದೆ. ‘ಸಾವ್ಕಾರ್ರು ಏನ್ ಹೇಳ್ತಾರೋ ಅದೇ ರೇಟು’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಕೇಳಿದವರಿಗೆ ಗೊತ್ತು. ಕಷ್ಟ ಕಾಲದಲ್ಲಿ ಬ್ಯಾಂಕಿನ ಬಾಗಿಲು ತೆರೆಯದಿದ್ದಾಗ ಕೈಹಿಡಿದವರು ಆ ಸಾವ್ಕಾರರೇ ಎಂಬುದೂ ಸುಳ್ಳಲ್ಲ. ಆದರೆ ಸಾಲದ ದಾರ ಕಟ್ಟಿದ ಮೇಲೆ ಗಂಜ್‌ನಲ್ಲಿ ನೂರು ಜನ ಖರೀದಿದಾರರಿದ್ದರೂ ಆ ರೈತನ ಪಾಲಿಗೆ ಇರುವವನು ಒಬ್ಬನೇ. ಅಂಗಡಿಯ ಲೆಕ್ಕಪಟ್ಟಿಯಲ್ಲಿ ಸಾಲ, ಬಡ್ಡಿ, ಹಮಾಲಿ ಕಳೆದು ಉಳಿದದ್ದನ್ನು ಎಣಿಸಿಕೊಂಡು ಅವನು ಸಂಜೆಯ ಬಸ್ಸು ಹತ್ತುತ್ತಾನೆ.

ಆಕಾಶದ ಆಟದಲ್ಲಿ ಆಟಗಾರನಿಗೆ ಬೆಲೆ ಹಿಡಿಸದಿದ್ದರೆ ಮುಂದಿನ ಗ್ರಹಕ್ಕೆ ಹಾರಿದರಾಯಿತು. ಸರಕು ಕೊಳೆಯುವುದಿಲ್ಲ, ಮಳೆಗೆ ನೆನೆಯುವುದಿಲ್ಲ, ಮನೆಯಲ್ಲಿ ಯಾರೂ ಕಾಯುತ್ತಿರುವುದಿಲ್ಲ. ಸೋತರೆ ಹಿಂದಿನ ಘಟ್ಟದಿಂದ ಮತ್ತೆ ಆಡಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ಕಾಲುವೆಯ ಕೊನೆಯ ಭಾಗದ ಭತ್ತದ ರೈತರಿಗೆ ಹೀಗೆ ಹಿಂದಿನ ಘಟ್ಟಕ್ಕೆ ಹೋಗುವ ಅನುಕೂಲ ಇರಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ರೈತರ ಸಿಟ್ಟು ಎಪಿಎಂಸಿ ಕಚೇರಿಯ ಮೇಲೆ ತಿರುಗಿ ವಾಹನಗಳು ಬೆಂಕಿಗೆ ಆಹುತಿಯಾದವು. ಬೆಂಕಿ ಹಚ್ಚಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಬೇಡ’ ಎಂದು ವಾಪಸ್ಸು ಒಯ್ಯುವ ಶಕ್ತಿ ಇಲ್ಲದವನಿಗೆ ಅಂದಿನ ದರ ಎಂದರೆ ಒಂದು ವರ್ಷದ ತೀರ್ಪು ಎಂಬುದನ್ನು ಆ ದಿನ ನೆನಪಿಸಿತು.

ಆದ್ದರಿಂದ ಪೈಪೋಟಿ ನಿಜವಾಗಲು ಎರಡು ಕಾಲು ಬೇಕು. ಒಂದು, ನಿಮ್ಮ ಸರಕಿಗಾಗಿ ಒಬ್ಬರನ್ನೊಬ್ಬರು ಮೀರಿಸಲು ಹವಣಿಸುವ ಹಲವರು. ಎರಡು, ಅವರಲ್ಲಿ ಯಾರಿಗೇ ಆಗಲಿ ‘ಬೇಡ’ ಎನ್ನಬಲ್ಲ ನೀವು. ‘ಎಲೀಟ್’ ಆಟಕ್ಕೆ ಮೊದಲನೆಯ ಕಾಲು ಇರಲಿಲ್ಲ. ಸಾಲದ ರೈತನಿಗೆ ಎರಡನೆಯದು ಇಲ್ಲ. ಗೋದಾಮಿನಲ್ಲಿ ಮಾಲಿಟ್ಟು ರಸೀತಿಯ ಮೇಲೆ ಅಡಮಾನ ಸಾಲ ಕೊಡುವ ಏರ್ಪಾಡು ಮಾಡಿರುವುದು ಈ ಎರಡನೆಯ ಕಾಲನ್ನು ಗಟ್ಟಿ ಮಾಡಲೆಂದೇ. ದರ ಬರುವವರೆಗೆ ಕಾಯಬಲ್ಲವನು ಟೆಂಡರಿನ ಬೆಲೆಯನ್ನೂ ಮೇಲೆತ್ತಬಲ್ಲ.

ತರಗತಿಯಲ್ಲೊಂದು ಗಂಜ್

ಇದನ್ನು ಕಂಪ್ಯೂಟರ್ ಇಲ್ಲದೆಯೇ ಆಡಿ ನೋಡಬಹುದು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಚೇಂಬರ್ಲಿನ್ ಎಂಬ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಚೀಟಿ ಹಂಚಿ ಕೊಳ್ಳುವ ಮಾರುವ ಆಟ ಆಡಿಸಿ 1948ರಲ್ಲಿ ಅದರ ಬಗ್ಗೆ ಬರೆದರು. ಅವರ ತರಗತಿಯಲ್ಲಿ ಆಡಿದ್ದ ವರ್ನನ್ ಸ್ಮಿತ್ ಮುಂದೆ ಅದನ್ನು ತಿದ್ದಿದರು. ದರವನ್ನು ಎಲ್ಲರಿಗೂ ಕೇಳುವಂತೆ ಕೂಗಿಸಿದರು, ಆಟವನ್ನು ಹಲವು ಸುತ್ತು ಆಡಿಸಿದರು. ಆಗ ದರ ಬೇಗನೆ ಒಂದು ಕಡೆ ಬಂದು ನಿಂತಿತು. ಈ ದಾರಿಯ ಸಂಶೋಧನೆಗೆ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಬಂತು.

ನಿಮ್ಮ ಕಾಲೇಜಿನಲ್ಲಿ ಹೀಗೆ ಮಾಡಿ. ಆರು ಜನ ರೈತರು, ಆರು ಜನ ಖರೀದಿದಾರರು. ಒಬ್ಬೊಬ್ಬರದು ಒಂದು ಕ್ವಿಂಟಲ್ ಹತ್ತಿ. ರೈತರ ಚೀಟಿಯಲ್ಲಿ 5,000, 5,500, 6,000, 6,500, 7,000, 7,500 ಎಂದು ಬರೆಯಿರಿ. ಇದಕ್ಕಿಂತ ಕಡಿಮೆಗೆ ಅವರು ಮಾರುವಂತಿಲ್ಲ. ಖರೀದಿದಾರರ ಚೀಟಿಯಲ್ಲಿ 8,000, 7,500, 7,000, 6,500, 6,000, 5,500 ಎಂದು ಬರೆಯಿರಿ. ಇದಕ್ಕಿಂತ ಹೆಚ್ಚು ಅವರು ಕೊಡುವಂತಿಲ್ಲ. ಚೀಟಿ ಯಾರಿಗೂ ತೋರಿಸಬಾರದು. ಗಟ್ಟಿಯಾಗಿ ದರ ಕೂಗಿ ವ್ಯಾಪಾರ ನಡೆಯಲಿ. ನಾಲ್ಕೈದು ಸುತ್ತು ಆಡಿದ ಮೇಲೆ ದರ 6,500ರ ಆಸುಪಾಸು ಬರಬೇಕು. ಆ ದರದಲ್ಲಿ ನಾಲ್ವರು ಮಾರುತ್ತಾರೆ, ನಾಲ್ವರು ಕೊಳ್ಳುತ್ತಾರೆ. ಪುಸ್ತಕದಲ್ಲಿ ಬೇಡಿಕೆ ರೇಖೆ ಮತ್ತು ಪೂರೈಕೆ ರೇಖೆ ಒಂದನ್ನೊಂದು ಕತ್ತರಿಸುವ ಬಿಂದು ಇದೇ.

ಈಗ ಒಂದು ನಿಯಮ ಸೇರಿಸಿ. 5,000 ಚೀಟಿಯ ರೈತ 5,500 ಚೀಟಿಯ ಖರೀದಿದಾರನಿಂದ ಸಾಲ ಪಡೆದಿದ್ದಾನೆ, ಅವನಿಗೇ ಮಾರಬೇಕು. ಮತ್ತೆ ಆಡಿ. ಮುಕ್ತವಾಗಿ 6,500ಕ್ಕೆ ಮಾರಬಹುದಾಗಿದ್ದ ರೈತನಿಗೆ ಈಗ ಹೆಚ್ಚೆಂದರೆ 5,500. ಒಂದು ಸಾವಿರ ರೂಪಾಯಿ ಹೋಯಿತು. ಇನ್ನೂ ಒಂದು ಸ್ವಾರಸ್ಯ ನೋಡಿ. 5,500ಕ್ಕಿಂತ ಹೆಚ್ಚು ಕೊಡಲಾಗದ ಆ ಖರೀದಿದಾರನಿಗೆ ಮುಕ್ತ ಪೇಟೆಯಲ್ಲಿ ಒಂದು ಕಾಳು ಹತ್ತಿಯೂ ಸಿಗುತ್ತಿರಲಿಲ್ಲ. ಸಾಲದ ದಾರದಿಂದ ಅವನಿಗೂ ಮಾಲು ಸಿಕ್ಕಿತು. ಪೇಟೆಯಲ್ಲಿದ್ದ ಜನ ಅಷ್ಟೇ, ಹತ್ತಿ ಅಷ್ಟೇ. ಬದಲಾದದ್ದು ಒಬ್ಬನ ‘ಬೇಡ’ ಎನ್ನುವ ಬಲ ಮಾತ್ರ.

ಪೋಷಕರಿಗೂ ಒಂದು ಮಾತು. ವ್ಯಾಪಾರದ ಆಟ ಆಡುವ ಮಕ್ಕಳನ್ನು ಗದರಿಸಿ ಎಬ್ಬಿಸುವುದಕ್ಕಿಂತ ಅವರಿಗೆ ಮೂರು ಪ್ರಶ್ನೆ ಕೇಳಿ. ಈ ಬೆಲೆ ಯಾರು ಹಾಕಿದರು? ನೀನು ಹೆಚ್ಚು ಮಾರಿದರೆ ಅದು ಇಳಿಯುತ್ತದೆಯೇ? ಬೆಲೆ ಒಪ್ಪದಿದ್ದರೆ ನಿನಗೇನು ನಷ್ಟ? ಉತ್ತರ ಹುಡುಕಲು ಹೊರಟ ಮಗುವಿಗೆ ಆಟ ಪಾಠವಾಗುತ್ತದೆ. ಹಾಗೆಂದು ರಾತ್ರಿ ಹನ್ನೊಂದರವರೆಗೆ ಕೂರಲು ಬಿಡಿ ಎಂದು ಅರ್ಥವಲ್ಲ. ನಿದ್ದೆಗೆಟ್ಟ ತಲೆಗೆ ಯಾವ ಅರ್ಥಶಾಸ್ತ್ರವೂ ಇಳಿಯುವುದಿಲ್ಲ.

ರಜೆಯ ಒಂದು ದಿನ ಮಕ್ಕಳನ್ನು ಜೊತೆಗೆ ಗಂಜ್‌ಗೆ ಕರೆದೊಯ್ಯಿರಿ. ಹೊಲದಲ್ಲಿ ದುಡಿಯುವ ಮಕ್ಕಳು ಕೂಡ ಎಷ್ಟೋ ಸಲ ಟೆಂಡರಿನ ಹೊತ್ತನ್ನು ಕಂಡಿರುವುದಿಲ್ಲ. ಕೈಯಲ್ಲಿ ಒಂದು ನೋಟುಪುಸ್ತಕ ಇರಲಿ. ಎರಡು ಲೆಕ್ಕ ಬರೆದುಕೊಳ್ಳಲಿ: ಒಂದು ಲಾಟಿಗೆ ಎಷ್ಟು ಜನ ದರ ಬರೆದರು, ದರ ಒಪ್ಪದೆ ಎಷ್ಟು ಜನ ರೈತರು ಮಾಲು ಹಿಂದಕ್ಕೆ ಒಯ್ದರು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಆ ದಿನ ಅಲ್ಲಿ ಪೈಪೋಟಿ ಎಷ್ಟಿತ್ತು ಎಂಬುದು ಅವರಿಗೇ ತಿಳಿಯುತ್ತದೆ.